ಎತ್ತಿನ ಗಾಡಿಯಲ್ಲಿ ಹೋಗಿ ನೋಡಿದ ಸಿನಿಮಾ

ಸಂಪಾದಕರಿಗೆ ನಮಸ್ಕಾರ.

ಕಳೆದ ತಿಂಗಳು ಮೊಮ್ಮಗಳು ನನ್ನನ್ನು ಬೆಂಗಳೂರಿನ ಹೊರಗೆ ಒಂದು ಡ್ರೈವ್ ಇನ್ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದಳು. ಕತ್ತಲಾದ ಮೇಲೆ ಬಯಲು, ಎದುರಿಗೆ ದೊಡ್ಡ ಪರದೆ, ಸಾಲು ಸಾಲು ಕಾರು. ಮಾತು, ಹಾಡು ಎಲ್ಲ ಕಾರಿನ ರೇಡಿಯೋದಲ್ಲೇ ಬರುತ್ತದೆ, ಅವರು ಹೇಳಿದ ಎಫ್‌ಎಂ ನಂಬರಿಗೆ ತಿರುಗಿಸಿಕೊಂಡರೆ ಸಾಕು. ನಾನು ಅಭ್ಯಾಸಬಲದಿಂದ ಬಾಗಿಲು ತೆಗೆದು ಇಳಿಯಲು ಹೋದೆ. "ತಾತ, ಇಳಿಯೋದು ಬೇಡ. ಗಾಡಿಯಲ್ಲೇ ಕೂತ್ಕೊಂಡು ನೋಡ್ಬೋದು" ಅಂದಳು.

ಆ ಮಾತು ಕೇಳಿದ ಮೇಲೆ ನನಗೆ ಸಿನಿಮಾ ಕಡೆ ಗಮನ ಹೋಗಲೇ ಇಲ್ಲ. ನಮ್ಮಪ್ಪ ನೆನಪಾದ. ಅವತ್ತಿನಿಂದ ಬರೆಯಬೇಕು ಬರೆಯಬೇಕು ಅಂದುಕೊಂಡು ಇವತ್ತು ಕೂತಿದ್ದೇನೆ. ಕಾಗದ ಸ್ವಲ್ಪ ಉದ್ದ ಆದೀತು, ಪೂರ್ತಿ ಓದಿ.

ನನಗೀಗ 66 ವರ್ಷ. ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿಯವನು. 1975ರಲ್ಲಿ ಎಸ್ಸೆಸ್ಸೆಲ್ಸಿ ಬರೆದೆ. ನಮ್ಮ ಕಾಲದ ಹಳ್ಳಿ ಹುಡುಗರಿಗೆ ಸಿನಿಮಾ ಅಂದರೆ ಟೂರಿಂಗ್ ಟಾಕೀಸು, ಅಂದರೆ ಟೆಂಟು. ನಮ್ಮೂರಿಂದ ಎರಡು ಮೈಲಿ ದೂರದ ಹೋಬಳಿ ಊರಲ್ಲಿ, ಸಂತೆ ಮೈದಾನದ ಪಕ್ಕದಲ್ಲಿ ಹಾಕುತ್ತಿದ್ದರು. ರಾಗಿ ಕಣ ಮುಗಿದು, ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಟೆಂಟಿನ ಸಾಮಾನು ಬಂದಿಳಿಯುತ್ತಿತ್ತು. ಮಳೆಗಾಲಕ್ಕೆ ಇರುತ್ತಿರಲಿಲ್ಲ. ಟೂರಿಂಗ್ ಅಂದ ಮೇಲೆ ಒಂದೇ ಕಡೆ ಕಾಯಂ ಇರುವಂತಿಲ್ಲ, ಲೈಸೆನ್ಸ್ ಸಿಗುತ್ತಿದ್ದುದೇ ಇಂತಿಷ್ಟು ದಿನಕ್ಕೆ ಅಂತ. ದಿನ ಮುಗಿದರೆ ಬಿಚ್ಚಿಕೊಂಡು ಇನ್ನೊಂದು ಊರಿಗೆ. ಹಾಗಾಗಿ ಟೆಂಟು ಬಂದಿದೆ ಅಂದರೆ ಊರಿಗೆ ನೆಂಟರು ಬಂದಷ್ಟೇ ಸಂಭ್ರಮ, ಹೋದ ದಿನ ಆ ಮೈದಾನ ನೋಡಿದರೆ ಹೊಟ್ಟೆಯಲ್ಲಿ ಸಂಕಟ. ಗೂಟ ಕಿತ್ತ ಗುಂಡಿಗಳು, ಕಡ್ಲೆಕಾಯಿ ಸಿಪ್ಪೆ, ಅಷ್ಟೇ ಉಳಿದಿರುತ್ತಿತ್ತು.

ಸಿನಿಮಾ ಬದಲಾದ ದಿನ ಪ್ರಚಾರದ ಗಾಡಿ ಹಳ್ಳಿ ಹಳ್ಳಿಗೆ ಬರುತ್ತಿತ್ತು. ಎರಡೂ ಕಡೆ ತಟ್ಟಿಗೆ ಪೋಸ್ಟರ್ ಅಂಟಿಸಿ, ಒಳಗೆ ಒಬ್ಬ ಮೈಕು ಹಿಡಿದು ಕೂತು, "ಇಂದೇ ನೋಡಿ, ಮರೆತು ನಿರಾಶರಾಗಬೇಡಿ" ಅಂತ ಕೂಗುತ್ತಾ ಹೋಗುತ್ತಿದ್ದ. ನಾವು ಹಿಂದೆ ಓಡುತ್ತಿದ್ದುದು ನೋಟೀಸಿಗೆ. ಗುಲಾಬಿ, ಹಳದಿ, ಹಸಿರು ಕಾಗದ, ಕೈಗೆ ಬಣ್ಣ ಹತ್ತುತ್ತಿತ್ತು. ಅದರಲ್ಲಿ ಅರ್ಧ ಕಥೆ ಅಚ್ಚು ಹಾಕಿ, ಸರಿಯಾಗಿ ಕುತೂಹಲದ ಜಾಗಕ್ಕೆ ಬಂದಾಗ ಮುಂದಿನದನ್ನು ಬೆಳ್ಳಿ ಪರದೆಯ ಮೇಲೆ ನೋಡಿ ಆನಂದಿಸಿ ಅಂತ ನಿಲ್ಲಿಸಿಬಿಡುತ್ತಿದ್ದರು. ಮಧ್ಯಾಹ್ನದ ಬಿಸಿಲಲ್ಲಿ ಹೊಂಗೆ ಮರದ ಕೆಳಗೆ ಕೂತು ನಾವು ಹುಡುಗರು ಆ ಮುಂದಿನ ಕಥೆಯನ್ನು ನಮಗೆ ತೋಚಿದ ಹಾಗೆ ಕಟ್ಟುತ್ತಿದ್ದೆವು. ದೊಡ್ಡಪ್ಪನ ಮಗ ಕಟ್ಟಿದ ಕಥೆಗಳು ಎಷ್ಟೋ ಸಲ ಟೆಂಟಲ್ಲಿ ನೋಡಿದ್ದಕ್ಕಿಂತ ಚೆನ್ನಾಗಿರುತ್ತಿದ್ದವು.

ಅದೇ ಹೊಂಗೆ ಮರವೇ ನಮಗೆ ದುಡ್ಡಿನ ದಾರಿ ಕೂಡ. ಬೇಸಿಗೆಯಲ್ಲಿ ಉದುರಿದ ಹೊಂಗೆ ಕಾಯಿ ಆರಿಸಿ, ಒಡೆದು, ಬೀಜ ಅಂಗಡಿಗೆ ಹಾಕಿದರೆ ಚಿಲ್ಲರೆ ಸಿಗುತ್ತಿತ್ತು. ನನಗೆ ನೆನಪಿರುವ ಹಾಗೆ ಟೆಂಟಿನಲ್ಲಿ ನೆಲಕ್ಕೆ 40 ಪೈಸೆ, ಬೆಂಚಿಗೆ 75 ಪೈಸೆ. ಚೇರು ಶಾನುಭೋಗರಿಗೆ, ಮೇಷ್ಟರಿಗೆ. ನಾವು ಯಾವತ್ತೂ ನೆಲ.

ಮನೆಮಂದಿಯೆಲ್ಲ ಸಿನಿಮಾಕ್ಕೆ ಹೋಗುವುದು ವರ್ಷಕ್ಕೆ ಮೂರೋ ನಾಲ್ಕೋ ಸಲ. ರಾಜಕುಮಾರ್ ಸಿನಿಮಾ ಬಂದರೆ ಮಾತ್ರ ತಪ್ಪಿಸುವ ಹಾಗಿರಲಿಲ್ಲ. ಅವರು ನಮ್ಮ ಗುಬ್ಬಿ ಕಂಪನಿಯಲ್ಲಿ ಬೆಳೆದವರು ಅಂತ ನಮ್ಮ ಕಡೆಯವರಿಗೆಲ್ಲ ಒಂದು ಅಭಿಮಾನ. ಹೊರಡುವ ದಿನ ಸಂಜೆ ಬೇಗ ಮುದ್ದೆ ಉಂಡು, ಗಾಡಿಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹಾಕಿ, ಅಜ್ಜಿ, ಅಮ್ಮ, ದೊಡ್ಡಮ್ಮ, ಪಕ್ಕದ ಮನೆಯ ಇಬ್ಬರು ಹೆಣ್ಣುಮಕ್ಕಳು, ಸಣ್ಣ ಮಕ್ಕಳು ಒಂದಷ್ಟು, ಎಲ್ಲರನ್ನೂ ತುಂಬಿಕೊಂಡು ಅಪ್ಪ ಗಾಡಿ ಹೊಡೆಯುತ್ತಿದ್ದ. ನಾವು ಬೆಳೆದ ಹುಡುಗರು ಹಿಂದೆ ನಡೆದುಕೊಂಡು. ಕೆರೆ ಏರಿ ಹತ್ತಿದ ಮೇಲೆ ಗಾಳಿ ನಮ್ಮ ಕಡೆ ಬೀಸಿದರೆ ಟೆಂಟಿನ ಮೈಕು ಕೇಳಿಸುತ್ತಿತ್ತು. ಸುಮ್ನೆ ಯಾವುದೋ ಹಾಡು ಬರುತ್ತಿದ್ದರೆ ಇನ್ನೂ ಹೊತ್ತಿದೆ ಅಂತ. ಘಂಟಸಾಲ ಅವರ ದನಿಯಲ್ಲಿ ತಿರುಪತಿ ತಿಮ್ಮಪ್ಪನ ಹಾಡು ಶುರುವಾಯಿತು ಅಂದರೆ ಟಿಕೆಟ್ ಕೊಡಲು ಶುರು ಮಾಡಿದರು ಅಂತ ಅರ್ಥ. ಆಗ ನಾವು ಗಾಡಿ ಬಿಟ್ಟು ಓಡುವುದೇ. ಇವತ್ತಿಗೂ ಯಾವುದಾದರೂ ದೇವಸ್ಥಾನದಲ್ಲಿ ಆ ಹಾಡು ಕೇಳಿದರೆ ನನ್ನ ಕಾಲು ತಾನಾಗಿಯೇ ಅವಸರ ಮಾಡುತ್ತದೆ.

ಟೆಂಟಿನ ಹೊರಗೆ ಆಗಲೇ ಹತ್ತಿಪ್ಪತ್ತು ಗಾಡಿ ಬಂದು ನಿಂತಿರುತ್ತಿದ್ದವು. ನೊಗ ಇಳಿಸಿ, ಎತ್ತುಗಳನ್ನು ಚಕ್ರಕ್ಕೆ ಕಟ್ಟಿ, ಮುಂದೆ ಹುಲ್ಲು ಹಾಕಿ, ಗಾಡಿ ಕೆಳಗೆ ಲಾಟೀನು ನೇತು ಹಾಕಿರುತ್ತಿದ್ದರು. ಕತ್ತಲಲ್ಲಿ ಆ ಲಾಟೀನುಗಳ ಸಾಲು, ಎತ್ತಿನ ಕೊರಳ ಗಂಟೆ ಸದ್ದು, ಗಾಡಿ ಗಾಡಿ ನಡುವೆ ಗುರುತಿನವರು ಕಂಡು "ಏನ್ ಗೌಡ್ರೇ, ಮಳೆ ಬೆಳೆ ಹೆಂಗೆ" ಅಂತ ಮಾತು. ಮೊನ್ನೆ ಆ ಕಾರುಗಳ ಸಾಲು ನೋಡಿದಾಗ ನನಗೆ ಕಂಡಿದ್ದು ಇದೇ. ಆದರೆ ಕಾರುಗಳೆಲ್ಲ ಗಾಜು ಏರಿಸಿಕೊಂಡಿದ್ದವು.

ಒಳಗೆ ಮರಳು ಹಾಸಿದ ನೆಲ. ನಡುವೆ ಮೊಣಕಾಲೆತ್ತರದ ಒಂದು ಅಡ್ಡಗೋಡೆ, ಆಚೆ ಹೆಂಗಸರು, ಈಚೆ ಗಂಡಸರು. ಹೋದ ತಕ್ಷಣ ಎರಡು ಕೈಯಲ್ಲೂ ಮರಳು ಬಾಚಿ ಗುಡ್ಡೆ ಮಾಡಿ ಅದರ ಮೇಲೆ ಕೂರಬೇಕು, ಇಲ್ಲದಿದ್ದರೆ ಮುಂದಿನವನ ತಲೆ ಅಡ್ಡ. ಎಲ್ಲರೂ ಗುಡ್ಡೆ ಮಾಡುವವರೇ ಆದ್ದರಿಂದ ಹಿಂದಿನವರು "ಲೇ, ಗುಡ್ಡೆ ಇಳ್ಸೋ" ಅಂತ ಬೆನ್ನಿಗೆ ಕಡ್ಲೆಕಾಯಿ ಸಿಪ್ಪೆ ಎಸೆಯುತ್ತಿದ್ದರು. ಮೊದಲು ಸ್ಲೈಡು, ಧೂಮಪಾನ ನಿಷೇಧಿಸಲಾಗಿದೆ ಅಂತ. ಆ ಸ್ಲೈಡು ಬೀಡಿ ಹೊಗೆಯ ನಡುವೆಯೇ ಕಾಣುತ್ತಿತ್ತು. ಆಮೇಲೆ ಫಿಲ್ಮ್ಸ್ ಡಿವಿಜನ್ನಿನ ಕಪ್ಪು ಬಿಳುಪು ವಾರ್ತಾಚಿತ್ರ. ಬಿಹಾರದಲ್ಲಿ ನೆರೆ, ಎಲ್ಲೋ ಅಣೆಕಟ್ಟು, 1975ರ ನಂತರ 20 ಅಂಶಗಳ ಕಾರ್ಯಕ್ರಮ. ನಮ್ಮಜ್ಜಿಗೆ ಅದೇ ಜಾಸ್ತಿ ಇಷ್ಟ. ನೆರೆ ನೀರಲ್ಲಿ ದನ ಕೊಚ್ಚಿಕೊಂಡು ಹೋಗುವುದನ್ನು ನೋಡಿ ನಮ್ಮೂರಿನದೇ ಅನ್ನುವ ಹಾಗೆ ಮರುಗುತ್ತಿದ್ದಳು. ದೇವರ ಸಿನಿಮಾ ಆದರೆ ಚಪ್ಪಲಿ ಕಳಚಿ ದೂರ ಇಟ್ಟು, ಪರದೆ ಮೇಲೆ ಶಿವ ಕಂಡಾಗ ಕೈ ಮುಗಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. "ಅಜ್ಜಿ, ಕಣ್ ಬಿಡು, ದೇವ್ರು ಹೋಗ್ಬಿಡ್ತಾನೆ" ಅಂತ ನಾನೇ ಅಡ್ಡಗೋಡೆಯ ಮೇಲಿಂದ ಕೈ ಚಾಚಿ ಅವಳ ಭುಜ ಅಲುಗಾಡಿಸಿದ್ದೇನೆ.

ಟೆಂಟಿನಲ್ಲಿ ಪ್ರೊಜೆಕ್ಟರ್ ಒಂದೇ. ಒಂದು ರೀಲು ಹತ್ತು ಹನ್ನೊಂದು ನಿಮಿಷ ಬರುತ್ತದೆ, ಅಂಥ ನಾಲ್ಕು ರೀಲು ಸೇರಿಸಿ ದೊಡ್ಡ ಚಕ್ರಕ್ಕೆ ಸುತ್ತಿದರೆ ಮುಕ್ಕಾಲು ಗಂಟೆ. ಅದು ಮುಗಿದರೆ ನಿಲ್ಲಿಸಿ ಇನ್ನೊಂದು ಚಕ್ರ ಏರಿಸಬೇಕು. ಹಾಗಾಗಿ ಪೇಟೆ ಥಿಯೇಟರಿನಲ್ಲಿ ಒಂದು ಇಂಟರ್ವಲ್ ಆದರೆ ನಮಗೆ ಮೂರು. ಕಡ್ಲೆಕಾಯಿ, ಚುರುಮುರಿ, ಗೋಲಿ ಸೋಡಾ ಹೊತ್ತವರು ಮರಳಲ್ಲಿ ಕಾಲೆಳೆದುಕೊಂಡು ಓಡಾಡುತ್ತಿದ್ದರು. ನಾನು ಮಾತ್ರ ಹಿಂದಕ್ಕೆ ಓಡುತ್ತಿದ್ದೆ, ಪ್ರೊಜೆಕ್ಟರ್ ಇದ್ದ ಕ್ಯಾಬಿನ್ ಕಡೆಗೆ.

ಆ ಆಪರೇಟರ್ ಅಣ್ಣನ ಬಗ್ಗೆ ಬರೆಯಲೇಬೇಕು. ಮೂವತ್ತರ ಆಸುಪಾಸಿನ ಮನುಷ್ಯ, ಸದಾ ಬನಿಯನ್ನು, ಹೆಗಲ ಮೇಲೆ ಎಣ್ಣೆ ಹತ್ತಿದ ಬಟ್ಟೆ. ಪ್ರೊಜೆಕ್ಟರ್ ಒಳಗೆ ಬಲ್ಬು ಇರುತ್ತದೆ ಅಂದುಕೊಂಡಿದ್ದ ನನಗೆ ಅವನು ತೋರಿಸಿದ್ದು ಎರಡು ಇದ್ದಿಲು ಕಡ್ಡಿ. ಒಂದಕ್ಕೊಂದು ತಾಗಿಸಿ ಸ್ವಲ್ಪ ಹಿಂದಕ್ಕೆ ಎಳೆದರೆ ನಡುವೆ ಬೆಳಕು ಹಾರುತ್ತದೆ, ಕಣ್ಣಲ್ಲಿ ನೋಡಲಾಗದಷ್ಟು ಬೆಳಕು. ಕಾರ್ಬನ್ ಅಂತಾರೆ. ಕಡ್ಡಿ ಉರಿಯುತ್ತಾ ಉರಿಯುತ್ತಾ ಮೊಟಕಾಗುತ್ತದೆ, ಆಗಾಗ ಹಿಡಿ ತಿರುಗಿಸಿ ಹತ್ತಿರ ತರುತ್ತಿರಬೇಕು. ಅವನು ಎರಡು ನಿಮಿಷ ಮೈಮರೆತರೆ ಪರದೆ ಕೆಂಪಗಾಗಿ, ಮಬ್ಬಾಗಿ, ನೂರಾರು ಜನ ಶಿಳ್ಳೆ ಹಾಕುತ್ತಿದ್ದರು. ಒಂದೊಂದು ಸಿನಿಮಾಕ್ಕೆ ಎರಡೂವರೆ ಗಂಟೆ, ದಿನಕ್ಕೆ ಎರಡು ಆಟ, ಆ ತಗಡಿನ ಗೂಡಿನ ಸೆಖೆಯಲ್ಲಿ ನಿಂತು ಆ ಬೆಳಕು ಕಾಯುತ್ತಿದ್ದ. ಅವನಿಗೆ ಸಿನಿಮಾ ಹೇಗಿದೆ ಅಂತ ಕೇಳಿದರೆ "ನಾನೆಲ್ಲಿ ನೋಡ್ಲಿ ಮರಿ, ನಾನು ಕಡ್ಡಿ ನೋಡ್ತೀನಿ" ಅನ್ನುತ್ತಿದ್ದ.

ಫಿಲಂ ತುಂಡಾದರೆ ಎರಡು ತುದಿಯನ್ನೂ ಸ್ವಲ್ಪ ಕತ್ತರಿಸಿ ಅಂಟಿಸಬೇಕು. ಹಾಗೆ ಕತ್ತರಿಸಿ ಬಿಸಾಡಿದ ಚೂರುಗಳನ್ನು ನನಗೆ ಕೊಡುತ್ತಿದ್ದ. ಎರಡು ಬೆರಳ ಅಗಲ, ಎರಡೂ ಅಂಚಿಗೆ ಸಣ್ಣ ತೂತುಗಳ ಸಾಲು. ಬಿಸಿಲಿಗೆ ಹಿಡಿದರೆ ಅದರೊಳಗೆ ಪೂರ್ತಿ ಒಂದು ಮನೆ, ಬಾಗಿಲಲ್ಲಿ ನಿಂತ ಒಬ್ಬ ಹೆಂಗಸು. ಪಕ್ಕದ ಚಿತ್ರದಲ್ಲೂ ಅದೇ ಹೆಂಗಸು, ಕೈ ಮಾತ್ರ ಒಂದೆಳೆಯಷ್ಟು ಮೇಲೆ. ನಾವು ಸುಟ್ಟುಹೋದ ಬಲ್ಬಿನ ಹಿಂಭಾಗ ಹುಷಾರಾಗಿ ಒಡೆದು, ಒಳಗೆ ನೀರು ತುಂಬಿ, ರಟ್ಟಿನ ಡಬ್ಬಿಗೆ ಸಿಕ್ಕಿಸಿ, ಹಿಂದೆ ಫಿಲಂ ಇಟ್ಟು, ಅಂಗಳದಿಂದ ಕನ್ನಡಿಯಲ್ಲಿ ಬಿಸಿಲು ಬಿಡುತ್ತಿದ್ದೆವು. ಕೊಟ್ಟಿಗೆಯ ಕತ್ತಲಲ್ಲಿ ಅಪ್ಪನ ಬಿಳಿ ಪಂಚೆಯ ಮೇಲೆ ಚಿತ್ರ ಬೀಳುತ್ತಿತ್ತು. ಫಿಲಂ ತಲೆಕೆಳಗಾಗಿ ಇಟ್ಟರೆ ಮಾತ್ರ ಚಿತ್ರ ನೆಟ್ಟಗೆ ಬರುತ್ತದೆ ಅನ್ನುವುದನ್ನು ನಾವೇ ಕಂಡುಹಿಡಿದಿದ್ದೆವು, ಯಾವ ಮೇಷ್ಟರೂ ಹೇಳಿಕೊಟ್ಟಿರಲಿಲ್ಲ.

ಇನ್ನು ಅಪ್ಪನ ವಿಷಯ.

ಅಪ್ಪ ಟೆಂಟಿನ ಒಳಗೆ ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆಗ ಒಂದು ಜೊತೆ ಹಳ್ಳಿಕಾರ್ ಎತ್ತು ಇದ್ದವು, ಸಿದ್ಧಗಂಗೆ ಜಾತ್ರೆಯಲ್ಲಿ ಸಾಲ ಮಾಡಿ ತಂದಿದ್ದು. ಆ ಸಾಲ ತೀರಿರಲಿಲ್ಲ. ಜನಜಂಗುಳಿಯಲ್ಲಿ, ಕತ್ತಲಲ್ಲಿ, ಎತ್ತು ಬಿಟ್ಟು ಹೋಗಲು ಅವನಿಗೆ ಧೈರ್ಯ ಇರಲಿಲ್ಲ. ಯಾರಾದರೂ ಬಿಚ್ಚಿಕೊಂಡು ಹೋದರೆ? ಬೆದರಿ ಕಣ್ಣಿ ಕಿತ್ತುಕೊಂಡರೆ? ನಮ್ಮನ್ನೆಲ್ಲ ಒಳಗೆ ಕಳಿಸಿ, ಗಾಡಿ ಕೆಳಗೆ ಗೋಣಿಚೀಲ ಹಾಸಿಕೊಂಡು, ಒಂದು ಬೀಡಿ ಹಚ್ಚಿ ಮಲಗುತ್ತಿದ್ದ. ಟೆಂಟಿನ ಬಟ್ಟೆಯಾಚೆಗೆ ಮಾತು, ಹಾಡು ಎಲ್ಲ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅಪ್ಪ ಅಷ್ಟು ಸಿನಿಮಾಗಳನ್ನೂ ಕಿವಿಯಲ್ಲೇ ನೋಡಿದ.

ವಾಪಸ್ ಬರುವಾಗ ಹೆಂಗಸರು, ಮಕ್ಕಳು ಎಲ್ಲ ಹುಲ್ಲಿನ ಮೇಲೆ ನಿದ್ದೆ. ಎತ್ತುಗಳಿಗೆ ದಾರಿ ಗೊತ್ತು, ಹಗ್ಗ ಹಿಡಿಯುವ ಕೆಲಸವೂ ಇಲ್ಲ. ಆಗ ಅಪ್ಪ ನನ್ನನ್ನು ಮುಂದೆ ಕೂರಿಸಿಕೊಂಡು ಕೇಳುತ್ತಿದ್ದ. "ಆ ಮುದುಕ ಬಾಗ್ಲು ತೆಗೆದ ಸದ್ದಾಯ್ತಲ್ಲ, ಒಳಗೆ ಯಾರಿದ್ರು?" "ಕೊನೇಲಿ ಯಾರೂ ಮಾತಾಡ್ಲೇ ಇಲ್ಲ, ಅವನು ಅವಳ ಮುಖ ನೋಡಿದ್ನಾ ಇಲ್ವಾ?" ನಾನು ಹೇಳುತ್ತಿದ್ದೆ. ಮಾತಿಲ್ಲದ ಜಾಗಗಳಷ್ಟೇ ಅವನಿಗೆ ಬೇಕಾಗಿದ್ದುದು, ಉಳಿದದ್ದೆಲ್ಲ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತಿತ್ತು. ರಾಜಕುಮಾರ್ ಹೇಳಿದ ಮಾತನ್ನು ಅವರ ಹಾಗೆಯೇ ತಡೆದು ತಡೆದು ಹೇಳಿ ತೋರಿಸುತ್ತಿದ್ದ, ಮೆಲ್ಲಗೆ, ಮಲಗಿದವರಿಗೆ ಎಚ್ಚರ ಆಗದ ಹಾಗೆ. ಗಂಡ ಹೆಂಡತಿ ಮುನಿಸಿಕೊಂಡು ಮಾತು ಬಿಟ್ಟ ಸನ್ನಿವೇಶವನ್ನು ನಾನು ವಿವರಿಸಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, "ಅದನ್ನ ನೋಡ್ಬೇಕಿತ್ತು" ಅಂದ ಒಂದು ರಾತ್ರಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಒಂದು ಸಲ ಕೊನೆಯ ಚಕ್ರ ಏರಿಸಿ ಹತ್ತು ನಿಮಿಷ ಆಗಿತ್ತು, ಜನರೇಟರ್ ಕೆಟ್ಟಿತು. ಒಂದು ಗಂಟೆ ಕಾದೆವು. ನಾಳೆ ಬನ್ನಿ, ಹರಿದ ಟಿಕೆಟ್ಟಿನ ಉಳಿದರ್ಧ ತೋರಿಸಿದರೆ ಬಿಡ್ತೀವಿ ಅಂದರು. ಮಾರನೇ ದಿನ ಗಾಡಿಗೆ ಗೊಬ್ಬರ ಹೇರುವ ಕೆಲಸ, ಹೋಗಲಾಗಲಿಲ್ಲ, ಅದರ ಮಾರನೇ ದಿನ ಸಿನಿಮಾ ಬದಲಾಗಿತ್ತು. ಅವತ್ತು ಗಾಡಿಯಲ್ಲಿ ಅಪ್ಪ ಕೇಳಿದ್ದಕ್ಕೆ ನನಗೆ ಹೇಳಲು ಏನೂ ಇರಲಿಲ್ಲ. ಇಬ್ಬರೂ ಸೇರಿ ಕೊನೆ ಏನಾಗಿರಬಹುದು ಅಂತ ದಾರಿಯುದ್ದಕ್ಕೂ ಮಾತಾಡಿದೆವು. ಎಷ್ಟೋ ವರ್ಷದ ಮೇಲೆ ಆ ಸಿನಿಮಾ ದೂರದರ್ಶನದಲ್ಲಿ ಬಂತು. ಅಪ್ಪ ಊಹಿಸಿದ್ದೇ ಸರಿಯಾಗಿತ್ತು.

ಅಪ್ಪ ಕಣ್ಣಾರೆ ನೋಡಿದ್ದು ಒಂದು ಸಲ. ಸರ್ಕಾರದ ಪ್ರಚಾರದ ವ್ಯಾನು ನಮ್ಮೂರಿಗೇ ಬಂದಾಗ. ಅರಳಿ ಕಟ್ಟೆ ಹತ್ತಿರ ಎರಡು ಮರಕ್ಕೆ ಬಿಳಿ ಬಟ್ಟೆ ಕಟ್ಟಿ, ಕುಟುಂಬ ಯೋಜನೆ, ರಸಗೊಬ್ಬರ ಅಂತೆಲ್ಲ ತೋರಿಸಿ, ಕೊನೆಗೆ ಜನ ಎದ್ದು ಹೋಗದಿರಲಿ ಅಂತ ಒಂದು ಹಳೇ ಪೌರಾಣಿಕ ಸಿನಿಮಾ ಹಾಕಿದರು. ಬಟ್ಟೆಯ ಮುಂದೆ ಜಾಗವೇ ಇರಲಿಲ್ಲ. ಅಪ್ಪ ಹೊಲದಿಂದ ಗಾಡಿ ಹೊಡೆದುಕೊಂಡು ಬಂದವನು ಬಟ್ಟೆಯ ಹಿಂದುಗಡೆ ನಿಲ್ಲಿಸಿ, ಎತ್ತು ಕಟ್ಟಿದ್ದ ಹಾಗೆಯೇ ಗಾಡಿಯ ಮೇಲೆ ಕೂತು ಪೂರ್ತಿ ನೋಡಿದ. ಆ ಕಡೆಯಿಂದ ನೋಡಿದರೆ ಎಲ್ಲ ಉಲ್ಟಾ. ಅಕ್ಷರ ಹಿಂದುಮುಂದು, ರಾಜ ಎಡಗೈಯಲ್ಲಿ ಕತ್ತಿ ಹಿಡಿಯುತ್ತಾನೆ, ಊಟಕ್ಕೆ ಕೂತವರೆಲ್ಲ ಎಡಗೈಯಲ್ಲಿ ಉಣ್ಣುತ್ತಾರೆ. ಅಪ್ಪನಿಗೆ ಅದರಿಂದ ಏನೂ ತೊಂದರೆ ಆಗಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವನು ನನ್ನ ಕಡೆ ತಿರುಗಲೂ ಇಲ್ಲ, ತೊಡೆಯ ಮೇಲೆ ಕೈ ಇಟ್ಟುಕೊಂಡು, ಬೀಡಿ ಹಚ್ಚುವುದನ್ನೂ ಮರೆತು ನೋಡುತ್ತಿದ್ದ.

ಮೊನ್ನೆ ಮೊಮ್ಮಗಳು ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದಳು. ಈ ಡ್ರೈವ್ ಇನ್ ಅನ್ನುವುದನ್ನು ಶುರು ಮಾಡಿದವನು ಅಮೆರಿಕದ ನ್ಯೂಜೆರ್ಸಿಯ ರಿಚರ್ಡ್ ಹಾಲಿಂಗ್ಸ್‌ಹೆಡ್ ಅಂತ. ಮನೆ ಮುಂದೆ ಎರಡು ಮರಕ್ಕೆ ಪರದೆ ಕಟ್ಟಿ, ಕಾರಿನ ಬಾನೆಟ್ ಮೇಲೆ ಪ್ರೊಜೆಕ್ಟರ್ ಇಟ್ಟು, ಪರದೆಯ ಹಿಂದೆ ರೇಡಿಯೋ ಇಟ್ಟು ಮೊದಲು ಪರೀಕ್ಷೆ ಮಾಡಿದನಂತೆ. ಹಿಂದಿನ ಕಾರಿನವರಿಗೆ ಮುಂದಿನ ಕಾರು ಅಡ್ಡ ಬರಬಾರದು ಅಂತ ನೆಲವನ್ನೇ ಏರಿಸಿ ಮಣ್ಣಿನ ದಿಬ್ಬ ಮಾಡಿಸಿದನಂತೆ. 1933ರ ಜೂನ್ 6ರಂದು ಕ್ಯಾಮ್‌ಡನ್ ಊರಿನಲ್ಲಿ ತೆರೆದನಂತೆ. ನಮ್ಮ ದೇಶದಲ್ಲಿ ಅಹಮದಾಬಾದಿನಲ್ಲಿ 1973ರಿಂದಲೇ ಒಂದಿದೆಯಂತೆ. ಎರಡು ಮರ, ಒಂದು ಬಟ್ಟೆ, ಮಣ್ಣಿನ ಗುಡ್ಡೆ! ಇದೆಲ್ಲ ನನಗೆ ಗೊತ್ತಿರುವುದೇ ಅಲ್ವಾ ಅನ್ನಿಸಿತು. 1973ರಲ್ಲಿ ನನಗೆ 14 ವರ್ಷ. ಅದೇ ಹೊತ್ತಿಗೆ ನಮ್ಮಪ್ಪ ಗಾಡಿ ಕೆಳಗೆ ಮಲಗಿ ಕೇಳಿಸಿಕೊಳ್ಳುತ್ತಿದ್ದ. ಯಾರಾದರೂ ಆ ಟೆಂಟಿನ ಒಂದು ಕಡೆಯ ಬಟ್ಟೆ ಎತ್ತಿ ಕಟ್ಟಿದ್ದರೆ ಸಾಕಿತ್ತು.

1981ರ ನವೆಂಬರ್ 1ಕ್ಕೆ ಬೆಂಗಳೂರು ದೂರದರ್ಶನ ಶುರುವಾಯಿತು. ನಮ್ಮ ಕಡೆಗೆ ಟಿವಿ ಬರಲು ಇನ್ನೂ ಕೆಲವು ವರ್ಷ ಬೇಕಾಯಿತು. ಭಾನುವಾರ ಸಂಜೆ ಟಿವಿ ಇದ್ದ ಮನೆಯ ಕಿಟಕಿಗೆ ಊರೆಲ್ಲ ನೇತಾಡುವ ಕಾಲ ಬಂತು, ಆಮೇಲೆ ವೀಡಿಯೋ. ಟೆಂಟು ಒಂದು ವರ್ಷ ಹೋದದ್ದು ಮತ್ತೆ ಬರಲಿಲ್ಲ. ಆ ಜಾಗದಲ್ಲಿ ಈಗ ಕಲ್ಯಾಣ ಮಂಟಪ ಇದೆ. ಅಪ್ಪ ಹೋಗಿ 27 ವರ್ಷ ಆಯಿತು.

ಸಂಪಾದಕರೇ, ನಾನು ಕೇಳಿಕೊಳ್ಳುವುದು ಇಷ್ಟು. ಕನ್ನಡ ಸಿನಿಮಾದ ಕಥೆ ಬರೆಯುವಾಗ ನಟರು, ನಿರ್ದೇಶಕರು, ಬೆಂಗಳೂರಿನ ದೊಡ್ಡ ಥಿಯೇಟರುಗಳಲ್ಲಿ 100 ದಿನ ಓಡಿದ್ದು, ಇದೆಲ್ಲ ಪತ್ರಿಕೆಗಳಲ್ಲಿ ಚೆನ್ನಾಗಿ ಬರುತ್ತದೆ, ನಾನೂ ಇಷ್ಟಪಟ್ಟು ಓದುತ್ತೇನೆ. ಟೆಂಟಿನವರ ಬಗ್ಗೆ ಬರುವುದು ಸಾಲದು. ಹಳ್ಳಿ ಜನ ರಾಜಕುಮಾರ್ ಅವರನ್ನು ಕಂಡಿದ್ದು ಆ ಕಾರ್ಬನ್ ಕಡ್ಡಿಯ ಬೆಳಕಿನಲ್ಲಿ. ಆ ಕಡ್ಡಿ ಕಾಯ್ದವರಿಗೆ, ಟಿಕೆಟ್ ಹರಿದವರಿಗೆ, ಗಾಡಿಯಲ್ಲಿ ಕೂಗಿಕೊಂಡು ಹೋದವರಿಗೆ, ಸಿನಿಮಾ ಡಬ್ಬಿ ಬಸ್ಸಿನಲ್ಲಿ ಹೊತ್ತು ತಂದವರಿಗೆ ಈಗ ಎಪ್ಪತ್ತು ಎಂಬತ್ತು ವರ್ಷ. ಅವರನ್ನು ಹುಡುಕಿ ಮಾತಾಡಿಸಬೇಕು, ಈಗಲೇ. ಬೇಸಿಗೆ ಬರುತ್ತಿದೆ, ಟೆಂಟು ಹಾಕುತ್ತಿದ್ದ ಕಾಲ. ವಾರಕ್ಕೊಮ್ಮೆ ಅರ್ಧ ಪುಟ ಇದಕ್ಕೆ ಕೊಡಿ. ಜಿಲ್ಲೆ ಜಿಲ್ಲೆಯಿಂದ ಓದುಗರು ಬರೆಯುತ್ತಾರೆ, ನನಗೆ ನಂಬಿಕೆ ಇದೆ. ಅಟ್ಟದ ಮೇಲೆ ಹಳೇ ನೋಟೀಸು, ಗಾಜಿನ ಸ್ಲೈಡು, ಟಿಕೆಟ್ ಪುಸ್ತಕ ಇಟ್ಟುಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.

ಆಪರೇಟರ್ ಅಣ್ಣ ಕೊಟ್ಟ ಫಿಲಂ ಚೂರುಗಳಲ್ಲಿ ಏಳು ಇನ್ನೂ ನನ್ನ ಹತ್ತಿರ ಇವೆ. ಶಾಲೆಯ ಕಂಪಾಸ್ ಬಾಕ್ಸಿನಲ್ಲಿ ಇಟ್ಟಿದ್ದೇನೆ. ಬಣ್ಣ ಕೆಂಪಾಗಿದೆ, ಆದರೆ ಬಾಗಿಲಲ್ಲಿ ನಿಂತ ಆ ಹೆಂಗಸು ಕಾಣುತ್ತಾಳೆ. ಬೇಕು ಅಂದರೆ ನಿಮ್ಮ ಕಚೇರಿಗೆ ತಂದು ತೋರಿಸುತ್ತೇನೆ, ಫೋಟೋ ತೆಗೆದುಕೊಂಡು ವಾಪಸ್ ಕೊಟ್ಟರೆ ಆಯಿತು.

ಇಂತಿ ನಿಮ್ಮ ಹಳೆಯ ಓದುಗ,
ತುರುವೇಕೆರೆ ತಾಲ್ಲೂಕು, ತುಮಕೂರು ಜಿಲ್ಲೆ